ನೋವಿನ ಸೂಜಿ ಹಾಕುವ ಮುನ್ನ: ಕ್ಯಾಶುವಾಲ್ಟಿಯ ವೈದ್ಯರಿಗೂ ನರ್ಸ್‌ಗಳಿಗೂ ಒಂದು ಬಹಿರಂಗ ಪತ್ರ

ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಕ್ಯಾಶುವಾಲ್ಟಿಯಲ್ಲಿ ದುಡಿಯುತ್ತಿರುವ ಡ್ಯೂಟಿ ಡಾಕ್ಟರುಗಳಿಗೆ, ಹೌಸ್ ಸರ್ಜನ್‌ಗಳಿಗೆ ಹಾಗೂ ನರ್ಸಿಂಗ್ ಆಫೀಸರುಗಳಿಗೆ,



ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುವುದು ನನ್ನ ಕೆಲಸ. ನಿಮ್ಮಲ್ಲಿ ಕೆಲವರು ನನ್ನ ತರಗತಿಯ ಬೆಂಚಿನಲ್ಲಿ ಕೂತಿದ್ದವರೂ ಇರಬಹುದು. ಕ್ಯಾಶುವಾಲ್ಟಿಯ ಬಾಗಿಲಿಗೆ ಬರುವವರಲ್ಲಿ ಬಹಳಷ್ಟು ಜನ ನೋವು ತಾಳಲಾರದೆ ಬಂದವರು. ಬೈಕಿನಿಂದ ಬಿದ್ದು ಮಣಿಕಟ್ಟು ಊದಿಸಿಕೊಂಡವರು, ಕಿಡ್ನಿ ಕಲ್ಲಿನ ನೋವಿಗೆ ನೆಲದ ಮೇಲೆ ಹೊರಳಾಡುವವರು, ಬಚ್ಚಲಲ್ಲಿ ಜಾರಿ ಸೊಂಟ ಹಿಡಿದುಕೊಂಡ ಅಜ್ಜಿಯಂದಿರು. ಅವರಿಗೆಲ್ಲ ನೀವು ಮೊದಲು ಕೊಡುವುದು ನೋವಿನ ಔಷಧಿಯನ್ನೇ. ಆ ಔಷಧಿಯನ್ನು ಹೇಗೆ ಆರಿಸಬೇಕು ಎಂಬ ಒಂದೇ ವಿಷಯದ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ಹೇಳಬೇಕೆಂದಿರುವುದು ಇಷ್ಟು: ನೋವು ಇಳಿಸುವ ಶಕ್ತಿಯಲ್ಲಿ ನಿಮ್ಮ ಟ್ರೇನಲ್ಲಿರುವ ಔಷಧಿಗಳ ನಡುವೆ ನಾವು ಅಂದುಕೊಂಡಷ್ಟು ಅಂತರವಿಲ್ಲ. ನಿಜವಾದ ಅಂತರವಿರುವುದು ಅಡ್ಡಪರಿಣಾಮದಲ್ಲಿ. ಆದ್ದರಿಂದ ಎದುರಿಗಿರುವ ರೋಗಿಗೆ ಯಾವ ಔಷಧಿಯಿಂದ ತೊಂದರೆ ಕಡಿಮೆ ಎಂಬುದನ್ನು ನೋಡಿಯೇ ಆಯ್ಕೆ ಮಾಡಬೇಕು.

ಮೊದಲ ಮಾತಿಗೆ ಪುರಾವೆ ಗಟ್ಟಿಯಾಗಿದೆ. ಕತಾರಿನ ದೋಹಾದಲ್ಲಿರುವ ಹಮದ್ ಜನರಲ್ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕಿಡ್ನಿ ಕಲ್ಲಿನ ನೋವಿನಿಂದ ಬಂದ 1,645 ಜನರ ಮೇಲೆ ನಡೆದ ಅಧ್ಯಯನ 2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ 75 ಮಿಲಿಗ್ರಾಂ ಡೈಕ್ಲೋಫೆನಾಕ್ ಅನ್ನು ಸ್ನಾಯುವಿಗೆ, ಇನ್ನೊಂದಕ್ಕೆ 1 ಗ್ರಾಂ ಪ್ಯಾರಾಸಿಟಮಾಲ್ ಅನ್ನು ರಕ್ತನಾಳಕ್ಕೆ, ಮೂರನೆಯದಕ್ಕೆ ತೂಕಕ್ಕೆ ತಕ್ಕಂತೆ ಮಾರ್ಫಿನ್ ಅನ್ನು ರಕ್ತನಾಳಕ್ಕೆ ಕೊಟ್ಟರು. ಅರ್ಧ ಗಂಟೆಯಲ್ಲಿ ನೋವು ಅರ್ಧಕ್ಕರ್ಧ ಇಳಿದವರು ಡೈಕ್ಲೋಫೆನಾಕ್ ಗುಂಪಿನಲ್ಲಿ ಶೇ 68, ಪ್ಯಾರಾಸಿಟಮಾಲ್ ಗುಂಪಿನಲ್ಲಿ ಶೇ 66, ಮಾರ್ಫಿನ್ ಗುಂಪಿನಲ್ಲಿ ಶೇ 61. ಎಲ್ಲಕ್ಕಿಂತ ಬಲಶಾಲಿ ಎಂದು ಹೆಸರಾದ ಔಷಧಿಯೇ ಕೊನೆಗೆ ನಿಂತಿತು. ತಕ್ಷಣದ ಅಡ್ಡಪರಿಣಾಮ ಕಂಡದ್ದು ಮಾರ್ಫಿನ್ ಪಡೆದವರಲ್ಲಿ ಶೇ 3ರಷ್ಟು ಜನಕ್ಕೆ, ಉಳಿದೆರಡು ಗುಂಪುಗಳಲ್ಲಿ ಶೇ 1ರಷ್ಟು ಜನಕ್ಕೆ.

ಮರುವರ್ಷ, 2017ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಿಂದ ಇನ್ನೊಂದು ಅಧ್ಯಯನ ಬಂತು. ಕೈಕಾಲಿನ ತೀವ್ರ ನೋವಿನಿಂದ ತುರ್ತು ವಿಭಾಗಕ್ಕೆ ಬಂದ ನಾನೂರಕ್ಕೂ ಹೆಚ್ಚು ಜನರನ್ನು ನಾಲ್ಕು ಗುಂಪು ಮಾಡಿದ್ದರು. ಒಂದು ಗುಂಪಿಗೆ 400 ಮಿಲಿಗ್ರಾಂ ಐಬುಪ್ರೊಫೆನ್ ಜೊತೆ 1,000 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆ. ಉಳಿದ ಮೂರು ಗುಂಪುಗಳಿಗೆ ಆಕ್ಸಿಕೊಡೋನ್, ಹೈಡ್ರೊಕೊಡೋನ್, ಕೊಡೀನ್ ಎಂಬ ಓಪಿಯಾಯ್ಡ್‌ಗಳು ಬೆರೆತ ಮಾತ್ರೆ. ಎರಡು ಗಂಟೆ ಕಳೆದ ಮೇಲೆ ನೋಡಿದರೆ ನಾಲ್ಕು ಗುಂಪುಗಳಲ್ಲೂ ನೋವು ಇಳಿದದ್ದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಅದೇ ತಂಡದವರು ಆಮೇಲೆ 600 ಜನರ ಮೇಲೆ ಇಂಥದ್ದೇ ಅಧ್ಯಯನ ನಡೆಸಿದಾಗ ಓಪಿಯಾಯ್ಡ್ ನುಂಗಿದವರಲ್ಲಿ ಶೇ 6.7ರಷ್ಟು ಜನಕ್ಕೆ ವಾಕರಿಕೆ ಅಥವಾ ವಾಂತಿಯಾಯಿತು. ನುಂಗದವರಲ್ಲಿ ಅದು ಶೇ 1.7 ಮಾತ್ರ. ‘ಮಾತ್ರೆ ಬೇಡ ಡಾಕ್ಟ್ರೇ, ಒಂದು ಸೂಜಿ ಹಾಕಿಬಿಡಿ’ ಎಂದು ಪಟ್ಟು ಹಿಡಿಯುವ ರೋಗಿಗೆ ಉತ್ತರ ಕೊಡಲು ಈ ಎರಡು ಅಧ್ಯಯನಗಳು ನಿಮಗೆ ಧೈರ್ಯ ಕೊಡಬೇಕು. ಬಾಯಲ್ಲಿ ನುಂಗಬಲ್ಲವರಿಗೆ ಎರಡು ಸಾಧಾರಣ ಮಾತ್ರೆಗಳ ಜೋಡಿ ಎಷ್ಟೋ ಸಲ ಸಾಕಾಗುತ್ತದೆ.

ಡೋಸಿನ ವಿಷಯವೂ ಹಾಗೆಯೇ. ನ್ಯೂಯಾರ್ಕಿನದೇ ಬ್ರೂಕ್ಲಿನ್‌ನಲ್ಲಿ 240 ಜನರಿಗೆ ಕೀಟೊರೊಲಾಕ್ ಅನ್ನು 10, 15, 30 ಮಿಲಿಗ್ರಾಂ ಎಂಬ ಮೂರು ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟು ಹೋಲಿಸಿದರು. ಅರ್ಧ ಗಂಟೆಯ ಹೊತ್ತಿಗೆ ಮೂರು ಗುಂಪುಗಳಲ್ಲೂ ನೋವು ಒಂದೇ ಸಮ ಇಳಿದಿತ್ತು. ಕೀಟೊರೊಲಾಕ್, ಡೈಕ್ಲೋಫೆನಾಕ್ ಗುಂಪಿನ ನೋವಿನ ಔಷಧಿಗಳಿಗೆ ಒಂದು ಮಿತಿಯಿದೆ. ಅದನ್ನು ದಾಟಿದ ಮೇಲೆ ಹೆಚ್ಚಿಸಿದ ಪ್ರತಿ ಮಿಲಿಗ್ರಾಂ ಹೊಟ್ಟೆಗೂ ಕಿಡ್ನಿಗೂ ಹೊರೆಯಾಗುತ್ತದೆಯೇ ಹೊರತು ನೋವಿಗೆ ತಾಗುವುದಿಲ್ಲ. ಆಂಪ್ಯೂಲ್ ಒಡೆದಾಯಿತು, ಪೂರ್ತಿ ಹಾಕಿಬಿಡೋಣ ಎಂಬ ಅಭ್ಯಾಸವನ್ನು ಬಿಡಲು ಇಷ್ಟು ಕಾರಣ ಸಾಕು.

ಔಷಧಿಯನ್ನು ಎಷ್ಟು ವೇಗವಾಗಿ ಕೊಡುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕಡಿಮೆ ಪ್ರಮಾಣದ ಕೆಟಮಿನ್ ಅನ್ನು ಒಂದೇ ಸಲಕ್ಕೆ ತಳ್ಳುವ ಬದಲು 15 ನಿಮಿಷದ ಡ್ರಿಪ್ ಆಗಿ ಕೊಟ್ಟಾಗ ನೋವು ಅಷ್ಟೇ ಇಳಿಯಿತು, ಆದರೆ ತಾನೆಲ್ಲೋ ತೇಲುತ್ತಿದ್ದೇನೆ, ಸುತ್ತಲಿನದು ಯಾವುದೂ ನಿಜವಲ್ಲ ಎಂಬ ದಿಗಿಲು ಬಹಳ ಕಡಿಮೆಯಾಯಿತು ಎಂದು ಅದೇ ಬ್ರೂಕ್ಲಿನ್ ತಂಡ ತೋರಿಸಿತು. ನಮ್ಮಲ್ಲಿ ದಿನವೂ ಬಳಕೆಯಾಗುವ ಟ್ರಮಡಾಲ್‌ಗೂ ಇದೇ ಬುದ್ಧಿ ಬೇಕು. ಅವಸರದಲ್ಲಿ ತಳ್ಳಿದರೆ ವಾಕರಿಕೆ ಹೆಚ್ಚು. 100 ಎಂಎಲ್ ಸಲೈನ್‌ನಲ್ಲಿ ಬೆರೆಸಿ ನಿಧಾನವಾಗಿ ಬಿಟ್ಟರೆ ರೋಗಿ ತಡೆದುಕೊಳ್ಳುತ್ತಾನೆ.

ಇನ್ನು ಈ ಅಧ್ಯಯನಗಳ ಇನ್ನೊಂದು ಮುಖವನ್ನು ನೋಡೋಣ. ದೋಹಾದ ಅಧ್ಯಯನಕ್ಕೆ ಸೇರಿಸಿಕೊಂಡದ್ದು 18ರಿಂದ 65 ವರ್ಷದವರನ್ನು ಮಾತ್ರ. ಕಿಡ್ನಿ ಕೆಟ್ಟವರನ್ನು ಬಿಟ್ಟಿದ್ದರು. ಎರಡು ವಾರ ಕಳೆದ ಮೇಲೆ ವಿಚಾರಿಸಿದಾಗಲೂ ಹೊಸ ತೊಂದರೆ ಯಾರಲ್ಲೂ ಕಂಡಿರಲಿಲ್ಲ. ಅಂದರೆ ಬೇರೆ ಕಾಯಿಲೆಯಿಲ್ಲದ, ದುಡಿಯುವ ವಯಸ್ಸಿನ ರೋಗಿಗೆ ಕಿಡ್ನಿ ಕಲ್ಲಿನ ನೋವಿನಲ್ಲಿ ಒಂದು ಡೈಕ್ಲೋಫೆನಾಕ್ ಸೂಜಿ ಕೊಡುವುದು ಸರಿಯಾದ ಚಿಕಿತ್ಸೆಯೇ. ಆದರೆ ನಿಮ್ಮ ಬೆಂಚಿನ ಮೇಲೆ ಕೂತಿರುವವರೆಲ್ಲ ಅಂಥವರಲ್ಲ. ಅಧ್ಯಯನದಿಂದ ಹೊರಗಿಟ್ಟಂಥವರೂ ನಮ್ಮ ಕ್ಯಾಶುವಾಲ್ಟಿಗೆ ಬರುತ್ತಾರೆ.

ನನ್ನ ಕಳವಳ ಇರುವುದು ಇಲ್ಲಿ. ಎರಡು ಬಗೆಯ ಔಷಧಿಗಳ ಅಡ್ಡಪರಿಣಾಮಗಳು ಕಾಣಿಸಿಕೊಳ್ಳುವ ಜಾಗ ಬೇರೆ, ಸಮಯ ಬೇರೆ. ಟ್ರಮಡಾಲ್ ತಂದಿಡುವ ತೊಂದರೆ ನಿಮ್ಮ ಕಣ್ಣೆದುರಿಗೇ ಆಗುತ್ತದೆ. ರೋಗಿ ವಾಂತಿ ಮಾಡಿಕೊಳ್ಳುತ್ತಾನೆ, ತಲೆ ಗಿರ್ರೆನ್ನುತ್ತದೆ ಎನ್ನುತ್ತಾನೆ, ಜೊತೆಗೆ ಬಂದವರು ಗಾಬರಿಯಾಗಿ ಸಿಸ್ಟರನ್ನು ಕೂಗುತ್ತಾರೆ. ಡೈಕ್ಲೋಫೆನಾಕ್ ಪಡೆದವನು ನಗುಮುಖದಲ್ಲಿ ಎದ್ದು ಹೋಗುತ್ತಾನೆ, ಜೇಬಿನಲ್ಲಿ ಐದು ದಿನದ ಮಾತ್ರೆ ಚೀಟಿ ಇರುತ್ತದೆ. ಅವನ ಮೂತ್ರ ಕಡಿಮೆಯಾದರೆ, ಪಾದ ಊದಿದರೆ, ಮಲ ಡಾಂಬರಿನಂತೆ ಕಪ್ಪಾದರೆ, ಅದು ಆಗುವುದು ಮನೆಯಲ್ಲಿ. ಆಗ ಅವನು ಹೋಗುವುದು ಮೆಡಿಸಿನ್ ಒಪಿಡಿಗೆ, ಇಲ್ಲವೇ ಇನ್ನೊಂದು ಊರಿನ ಆಸ್ಪತ್ರೆಗೆ. ಹಿಂದೆ ಹಾಕಿದ ಸೂಜಿಗೂ ಈಗಿನ ತೊಂದರೆಗೂ ಗಂಟು ಹಾಕಿ ನೋಡುವವರು ಯಾರೂ ಇರುವುದಿಲ್ಲ. ಹೀಗಾಗಿ ಕ್ಯಾಶುವಾಲ್ಟಿಯಲ್ಲಿ ಕೂತವರ ಅನುಭವದಲ್ಲಿ ಟ್ರಮಡಾಲ್ ‘ಕಿರಿಕಿರಿಯ ಔಷಧಿ’, ಡೈಕ್ಲೋ ‘ನಿರಪಾಯದ ಔಷಧಿ’ ಎಂದು ಬೇರೂರಿಬಿಡುತ್ತದೆ. ಕಣ್ಣಿಗೆ ಬಿದ್ದ ತೊಂದರೆಯನ್ನು ಮಾತ್ರ ಎಣಿಸಿದ ಹೋಲಿಕೆ ಇದು. ನಿಮ್ಮ ಅನುಭವ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಕ್ಯಾಶುವಾಲ್ಟಿಯ ಬಾಗಿಲಿನಾಚೆಗಿನದು ಕಾಣುವುದಿಲ್ಲ.

ಬಚ್ಚಲಲ್ಲಿ ಜಾರಿಬಿದ್ದ ಎಪ್ಪತ್ತರ ಅಜ್ಜಿಯನ್ನೇ ತೆಗೆದುಕೊಳ್ಳಿ. ಮಗ ಒಂದು ಪ್ಲಾಸ್ಟಿಕ್ ಕವರ್ ಹಿಡಿದುಕೊಂಡಿರುತ್ತಾನೆ. ಅದನ್ನು ಬಿಚ್ಚಿ ಟೇಬಲ್ ಮೇಲೆ ಸುರಿಯಲು ಹೇಳಿ. ಒಂದು ಸ್ಟ್ರಿಪ್ ಮೆಟ್‌ಫಾರ್ಮಿನ್. ಇನ್ನೊಂದು ಬಿಪಿ ಮಾತ್ರೆ. ತಿರುಗಿಸಿ ನೋಡಿದರೆ ಟೆಲ್ಮಿಸಾರ್ಟಾನ್ ಜೊತೆ ಹೈಡ್ರೋಕ್ಲೋರೋಥಯಾಜೈಡ್ ಎಂದಿರುತ್ತದೆ. ಮೂರನೆಯದು ಅರ್ಧ ಖಾಲಿಯಾದ ಸ್ಟ್ರಿಪ್, ಮೆಡಿಕಲ್ ಶಾಪಿನವರು ‘ಮಂಡಿ ನೋವಿಗೆ’ ಎಂದು ಕೊಟ್ಟದ್ದು: ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್. ಬೆಳಿಗ್ಗೆ ಬಿದ್ದ ಕೂಡಲೇ ಒಂದು, ಮಧ್ಯಾಹ್ನ ಊಟವಾದ ಮೇಲೆ ಇನ್ನೊಂದು ನುಂಗಿಸಿಯೇ ಕರೆತಂದಿರುತ್ತಾರೆ. ಈಗ ನೀವು ಒಂದು ಡೈಕ್ಲೋ ಸೂಜಿ ಹಾಕಿ, ಪ್ಯಾರಾಸಿಟಮಾಲ್ ಡ್ರಿಪ್ ಏರಿಸಿದರೆ ಒಂದೇ ಗುಂಪಿನ ಔಷಧಿ ಎರಡು ಪಟ್ಟಾಯಿತು, ಪ್ಯಾರಾಸಿಟಮಾಲ್ ಲೆಕ್ಕ ತಪ್ಪಿತು. ಅಷ್ಟೇ ಅಲ್ಲ. ಕಿಡ್ನಿಯ ಸೋಸುಗಂಟುಗಳಿಗೆ ರಕ್ತ ತರುವ ನಾಳವನ್ನು ಅಗಲವಾಗಿ ಇಟ್ಟುಕೊಳ್ಳಲು ಪ್ರೊಸ್ಟಾಗ್ಲಾಂಡಿನ್ ಬೇಕು. ಡೈಕ್ಲೋಫೆನಾಕ್ ಅದನ್ನು ತಡೆಯುತ್ತದೆ. ಟೆಲ್ಮಿಸಾರ್ಟಾನ್ ರಕ್ತ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಮೈಯ ನೀರನ್ನು ಇಳಿಸಿರುತ್ತದೆ. ಮೂರೂ ಸೇರಿದಾಗ ಕಿಡ್ನಿಯೊಳಗೆ ರಕ್ತ ಸೋಸುವ ಒತ್ತಡವೇ ಕುಸಿಯುತ್ತದೆ. ಬಿದ್ದ ಮೇಲೆ ಎದ್ದು ಹೋಗಲಾಗದೆ ಅಜ್ಜಿ ನೀರನ್ನೂ ಕಡಿಮೆ ಕುಡಿದಿರುತ್ತಾಳೆ, ಅದೂ ಇದರ ಜೊತೆ ಸೇರುತ್ತದೆ. ಇಂಥವರಿಗೆ ಮೊದಲೇ ನುಂಗಿದ್ದನ್ನು ಲೆಕ್ಕ ಹಾಕಿ ಪ್ಯಾರಾಸಿಟಮಾಲ್, ಸೊಂಟಕ್ಕೆ ಆಸರೆ, ಬೇಕೆನಿಸಿದರೆ ಚಿಕ್ಕ ಪ್ರಮಾಣದ ಓಪಿಯಾಯ್ಡ್ ಅನ್ನು ನಿಧಾನವಾಗಿ ಕೊಟ್ಟು ಎದ್ದು ನಡೆಯುವಾಗ ಕೈ ಹಿಡಿಯುವುದು ಒಳ್ಳೆಯದು. ವಾಂತಿಯಾಗಿ ಹಾಸಿಗೆ ಬದಲಿಸುವ ಕೆಲಸ ಒಂದು ಸಲ ಬಂದೀತು, ಕಿಡ್ನಿ ಉಳಿಯುತ್ತದೆ.

ಡೈಕ್ಲೋ ಜೊತೆ ಪ್ಯಾಂಟೊಪ್ರಜೋಲ್ ಕೊಡುವುದು ಎಲ್ಲೆಡೆ ರೂಢಿ. ‘ಗ್ಯಾಸ್ಟ್ರಿಕ್ ಸೂಜಿಯನ್ನೂ ಕೊಟ್ಟಿದ್ದೇವಲ್ಲ’ ಎಂಬ ನೆಮ್ಮದಿ ಅದರಿಂದ ಬರುತ್ತದೆ. ಅದು ಜಠರವನ್ನು ಕಾಯುತ್ತದೆ, ನಿಜ. ಕಿಡ್ನಿಯನ್ನೂ ಹೃದಯವನ್ನೂ ಅದು ಕಾಯುವುದಿಲ್ಲ. ಹೃದಯದ ರಕ್ತನಾಳದ ಕಾಯಿಲೆ ಇರುವವರಿಗೆ ಡೈಕ್ಲೋಫೆನಾಕ್ ಕೊಡಬಾರದೆಂದು ಯುರೋಪಿನ ಔಷಧ ನಿಯಂತ್ರಕರು 2013ರಲ್ಲೇ ಸ್ಪಷ್ಟವಾಗಿ ಹೇಳಿದ್ದಾರೆ. ಹಾಗಾಗಿ ಎಡಭುಜ ನೋವು, ಎದೆ ಉರಿ, ದವಡೆ ನೋವು ಎಂದು ಬಂದವರಿಗೆ ಇಸಿಜಿ ಮೊದಲು, ಸೂಜಿ ಆಮೇಲೆ.

ನಮ್ಮ ನಾಡಿನ ಕ್ಯಾಶುವಾಲ್ಟಿಗೇ ಸೇರಿದ ಇನ್ನೆರಡು ಸಂದರ್ಭಗಳನ್ನು ಒತ್ತಿ ಹೇಳಬೇಕು. ಒಂದು, ಮಳೆಗಾಲದ ಜ್ವರ. ಮೈಕೈ ನೋವು ತಡೆಯಲಾಗುತ್ತಿಲ್ಲ ಎಂದು ಬಂದವನಿಗೆ ಡೆಂಗಿ ಇರಬಹುದು. ಪ್ಲೇಟ್‌ಲೆಟ್ ಇಳಿಯುತ್ತಿರುವಾಗ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಯಾವುದೂ ಬೇಡ. ಸ್ನಾಯುವಿಗೆ ಸೂಜಿಯೂ ಬೇಡ. ಪ್ಯಾರಾಸಿಟಮಾಲ್ ಮಾತ್ರ ಕೊಡಿ. ಇನ್ನೊಂದು, ಹಾವು ಕಡಿತ. ಹೊಲದಲ್ಲಿ ಕೊಳಕುಮಂಡಲ ಕಡಿಸಿಕೊಂಡು ಬಂದವನ ಕಾಲು ಊದಿ ಸಿಡಿಯುವಂತೆ ನೋಯುತ್ತಿರುತ್ತದೆ. ವಿಷವೇ ರಕ್ತ ಹೆಪ್ಪುಗಟ್ಟುವುದನ್ನು ತಡೆದಿರುವಾಗ ಪ್ಲೇಟ್‌ಲೆಟ್‌ಗಳನ್ನು ಮಂಕಾಗಿಸುವ ನೋವಿನ ಸೂಜಿ ಹಾಕಿದರೆ ಕೇಡಿಗೆ ಕೇಡು ಕೂಡಿಸಿದಂತೆ. ಅಲ್ಲೂ ಪ್ಯಾರಾಸಿಟಮಾಲ್, ಸಾಲದಿದ್ದರೆ ಟ್ರಮಡಾಲ್ ಎಂದೇ ಕೇಂದ್ರದ ಚಿಕಿತ್ಸಾ ಮಾರ್ಗಸೂಚಿ ಹೇಳುತ್ತದೆ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕು. ಆ ವರದಿಗಾಗಿ ಕೇಸ್ ಶೀಟ್ ತೆರೆದಾಗಲೇ ಯಾವ ನೋವಿನ ಔಷಧಿ ಕೊಟ್ಟಿರಿ ಎಂಬುದನ್ನೂ ಎದ್ದು ಕಾಣುವಂತೆ ಬರೆಯಿರಿ.

ಇಷ್ಟು ಓದಿದ ಮೇಲೆ ‘ಹಾಗಾದರೆ ಯಾವುದನ್ನೂ ಕೊಡದಿರುವುದೇ ಲೇಸು’ ಎಂದು ಯಾರಿಗಾದರೂ ಅನಿಸಿದರೆ ಈ ಪತ್ರ ಕೆಟ್ಟ ಕೆಲಸ ಮಾಡಿದಂತಾಗುತ್ತದೆ. ನೋವನ್ನು ಇಳಿಸದೆ ಬಿಡುವುದೂ ಒಂದು ಹಾನಿಯೇ. ಹೊಟ್ಟೆ ನೋವಿಗೆ ಔಷಧಿ ಕೊಟ್ಟರೆ ಸರ್ಜನ್ ಬಂದು ನೋಡುವಾಗ ಕಾಯಿಲೆ ಮರೆಯಾಗುತ್ತದೆ ಎಂಬ ಹಳೆಯ ಪಾಠ ಈಗ ನಿಂತಿಲ್ಲ. ಓಪಿಯಾಯ್ಡ್ ಕೊಟ್ಟದ್ದರಿಂದ ರೋಗನಿರ್ಣಯ ತಪ್ಪುವುದು ಹೆಚ್ಚಾಗಲಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಗಳು ಹೇಳುತ್ತವೆ. ಮಾರ್ಫಿನ್ ಎಂದರೆ ಕಾನೂನಿನ ತಲೆನೋವು ಎಂದು ದೂರವಿಡುವವರೂ ಇದ್ದಾರೆ. 1985ರ ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದದ್ದೇ ಇಂಥ ಅಗತ್ಯ ಔಷಧಿಗಳು ನೋವಿನವರಿಗೆ ಸುಲಭವಾಗಿ ಸಿಗಲಿ ಎಂದು. ಮೈ ಸುಟ್ಟುಕೊಂಡವರಿಗೆ, ತೊಡೆಮೂಳೆ ಮುರಿದವರಿಗೆ ಅದು ಬೇಕೇ ಬೇಕು. ಉಸಿರಾಟ ನಿಧಾನವಾಗುತ್ತಿದೆಯೇ ಎಂದು ಕಾವಲು ಕಾಯಲು ಒಬ್ಬರು, ಕೈಗೆಟಕುವಲ್ಲಿ ನಲಾಕ್ಸೋನ್, ಇವೆರಡೂ ಇರುವ ಜಾಗದಲ್ಲಿ ಅದಕ್ಕೆ ಹೆದರಬೇಕಿಲ್ಲ. ಟ್ರಮಡಾಲ್‌ಗೂ ಅದರದೇ ಎಚ್ಚರಿಕೆಗಳಿವೆ: ಫಿಟ್ಸ್ ಇರುವವರಿಗೆ, ತಲೆಗೆ ಪೆಟ್ಟು ಬಿದ್ದವರಿಗೆ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಅದು ಹೊಂದುವುದಿಲ್ಲ. ಎಲ್ಲರಿಗೂ ಒಂದೇ ಔಷಧಿ ಒಳ್ಳೆಯದು ಎಂಬ ಉತ್ತರ ಈ ಹೋಲಿಕೆಯಿಂದ ಸಿಗುವುದಿಲ್ಲ, ಸಿಗಲೂ ಬಾರದು.

ಆದ್ದರಿಂದ ಸೂಜಿ ಹಾಕುವ ಮುನ್ನ ಅರ್ಧ ನಿಮಿಷ ಕೇಳಿ. ಬೆಳಿಗ್ಗೆಯಿಂದ ಯಾವ ಮಾತ್ರೆ ನುಂಗಿದ್ದೀರಿ? ಬಿಪಿ, ಶುಗರ್, ಕಿಡ್ನಿ, ಹೃದಯ, ಫಿಟ್ಸ್, ಇದರಲ್ಲಿ ಯಾವುದಕ್ಕಾದರೂ ಔಷಧಿ ನಡೆಯುತ್ತಿದೆಯೇ? ಹಿಂದೆ ನೋವಿನ ಔಷಧಿ ತೆಗೆದುಕೊಂಡಾಗ ಉಬ್ಬಸ ಬಂದದ್ದು, ಮೈ ಮೇಲೆ ದದ್ದು ಎದ್ದದ್ದು, ಮಲ ಕಪ್ಪಗೆ ಹೋದದ್ದು ಉಂಟೇ? ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ? ಹೆಣ್ಣುಮಕ್ಕಳಾದರೆ ಬಸುರಿಯೇ ಎಂದೂ ಕೇಳಬೇಕು; 20 ವಾರ ದಾಟಿದ ಮೇಲೆ ಡೈಕ್ಲೋಫೆನಾಕ್ ಗುಂಪಿನ ಔಷಧಿಗಳು ಮಗುವಿನ ಕಿಡ್ನಿಗೆ ತೊಂದರೆ ಮಾಡಬಲ್ಲವು. ಈ ಪ್ರಶ್ನೆಗಳಿಗೆ ಯಾವ ಯಂತ್ರವೂ ಬೇಕಿಲ್ಲ.

ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಹೋಗಿ ಕೇಳಿ. ಸೊನ್ನೆಯಿಂದ ಹತ್ತರವರೆಗಿನ ಅಂಕ ಕೇಳಿದರೆ ಓದು ಬಾರದ ಹಿರಿಯರು ತಬ್ಬಿಬ್ಬಾಗುತ್ತಾರೆ. ‘ರೂಪಾಯಿಗೆ ಎಷ್ಟಾಣೆ ಕಡಿಮೆಯಾಗಿದೆ ಅಜ್ಜಾ?’ ಎಂದು ಕೇಳಿ ನೋಡಿ. ‘ಎಂಟಾಣೆ ಇಳಿದದೆ ಕಣವ್ವಾ’ ಎಂದು ತಟ್ಟನೆ ಹೇಳುತ್ತಾರೆ. ಎಂಟಾಣೆ ಎಂದರೆ ಅರ್ಧ. ದೋಹಾದವರು ಅಳೆದದ್ದೂ ಅದನ್ನೇ. ಅದನ್ನು ಬರೆದುಕೊಳ್ಳಿ. ಜೊತೆಗೇ ವಾಕರಿಕೆ, ತಲೆಸುತ್ತು, ಮಂಪರು, ತುರಿಕೆ ಇದೆಯೇ ಎಂದೂ ಕೇಳಿ ಬರೆಯಿರಿ. ಸಿಸ್ಟರ್‌ಗಳೇ, ಈ ಕೆಲಸದಲ್ಲಿ ಮುಂದಿರಬೇಕಾದವರು ನೀವು. ಡಾಕ್ಟರು ಮುಂದಿನ ಕೇಸಿಗೆ ಹೋದ ಮೇಲೂ ರೋಗಿಯ ಮುಖ ನೋಡುತ್ತಿರುವವರು ನೀವೇ. ‘ಸೂಜಿ ಹಾಕಿದ ಮೇಲೆ ಈ ಅಮ್ಮ ಒಂದು ಥರಾ ಆಡ್ತಿದ್ದಾರೆ’ ಎಂದು ನೀವು ಹೇಳುವ ಮಾತನ್ನು ವೈದ್ಯರು ಲಕ್ಷ್ಯಕ್ಕೆ ತೆಗೆದುಕೊಳ್ಳಲೇಬೇಕು.

ರೋಗಿ ಮನೆಗೆ ಹೊರಡುವಾಗ ಚೀಟಿಯಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆದುಕೊಡಿ: ಯಾವ ಸೂಜಿ ಹಾಕಿದ್ದೀರಿ, ಬೇರೆ ನೋವಿನ ಮಾತ್ರೆಯನ್ನು ಯಾವಾಗಿನವರೆಗೆ ನುಂಗಬಾರದು. ಮೂತ್ರ ಕಡಿಮೆಯಾದರೆ, ಮಲ ಕಪ್ಪಾದರೆ, ಮೈಮೇಲೆ ದದ್ದೆದ್ದರೆ, ಉಸಿರು ಕಟ್ಟಿದರೆ ಕೂಡಲೇ ಬನ್ನಿ, ಈ ಚೀಟಿಯನ್ನೂ ತನ್ನಿ ಎಂದು ಹೇಳಿ. ಕ್ಯಾಶುವಾಲ್ಟಿಯ ಆಚೆ ಆಗುವುದನ್ನು ನಿಮ್ಮ ಕಣ್ಣಿಗೆ ತಂದುಕೊಳ್ಳುವ ದಾರಿ ಇದೇ.

ಕೊನೆಯದಾಗಿ ವರದಿಯ ವಿಷಯ. 2010ರಲ್ಲಿ ಆರಂಭವಾದ ಭಾರತದ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಕೇಂದ್ರಸ್ಥಾನ. ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಅದರ ಘಟಕಗಳಿವೆ. ರೋಗಿಯ ಗುರುತಿಗೆ ಹೆಸರಿನ ಮೊದಲಕ್ಷರಗಳು, ಶಂಕಿತ ಔಷಧಿ, ಆದ ತೊಂದರೆ, ವರದಿ ಮಾಡಿದವರ ಹೆಸರು, ಈ ನಾಲ್ಕಿದ್ದರೂ ವರದಿ ಸಲ್ಲುತ್ತದೆ. ಫೋನಿನಲ್ಲೂ ಹೇಳಬಹುದು, ಶುಲ್ಕರಹಿತ ಸಂಖ್ಯೆ 1800-180-3024. ವೈದ್ಯರೇ ಆಗಬೇಕೆಂದಿಲ್ಲ, ನರ್ಸ್, ಫಾರ್ಮಸಿಸ್ಟ್, ಸ್ವತಃ ರೋಗಿಯೂ ವರದಿ ಮಾಡಬಹುದು. ಅಡ್ಡಪರಿಣಾಮವನ್ನು ವರದಿ ಮಾಡಿದರೆ ತಪ್ಪೊಪ್ಪಿಕೊಂಡಂತೆ ಎಂಬ ಭಯ ಬೇಡ. ಶಂಕೆ ಇದ್ದರೆ ಸಾಕು, ಸಾಬೀತು ಮಾಡುವ ಹೊಣೆ ನಿಮ್ಮದಲ್ಲ. ಮುಟ್ಟಿನ ನೋವಿಗೂ ಹಲ್ಲು ನೋವಿಗೂ ದೇಶದ ತುಂಬ ನುಂಗುವ ಮೆಫನಾಮಿಕ್ ಆಮ್ಲದಿಂದ ಅಪರೂಪಕ್ಕೆ ಜ್ವರ, ದದ್ದು, ಒಳಾಂಗಗಳ ತೊಂದರೆ ಒಟ್ಟಿಗೆ ಬರುವ ತೀವ್ರ ಅಲರ್ಜಿ ಉಂಟಾಗಬಹುದು ಎಂಬ ಎಚ್ಚರಿಕೆ 2023ರ ನವೆಂಬರಿನಲ್ಲಿ ಹೊರಬಂದದ್ದು ಹೀಗೆ ಜಮೆಯಾದ ವರದಿಗಳನ್ನು ಪರಿಶೀಲಿಸಿದ ಮೇಲೆಯೇ. ಯಾರೋ ವೈದ್ಯರು, ಯಾರೋ ನರ್ಸ್ ವರದಿಯ ಫಾರಂ ತುಂಬಿ ಕಳಿಸಿದ್ದರಿಂದ ಇಡೀ ದೇಶಕ್ಕೆ ಎಚ್ಚರಿಕೆ ಸಿಕ್ಕಿತು.

ಜನಜಂಗುಳಿ, ಕೂಗಾಟ, ನಿದ್ದೆಗೆಟ್ಟ ರಾತ್ರಿಗಳ ನಡುವೆ ಇದನ್ನೆಲ್ಲ ಮಾಡುವುದು ಸುಲಭವಲ್ಲ ಎಂಬುದನ್ನು ಬಲ್ಲೆ. ಆದರೂ ಕೇಳಿಕೊಳ್ಳುತ್ತೇನೆ. ಇವತ್ತಿನ ಡ್ಯೂಟಿಯಿಂದಲೇ ಶುರು ಮಾಡಿ: ಕೇಸ್ ಶೀಟಿನಲ್ಲಿ ನೋವಿನ ಔಷಧಿಯ ಪಕ್ಕ ಇನ್ನೆರಡು ಕಲಂ ಎಳೆಯಿರಿ. ಒಂದರಲ್ಲಿ ‘ಮೊದಲೇ ನುಂಗಿದ್ದು’, ಇನ್ನೊಂದರಲ್ಲಿ ‘ಅರ್ಧ ಗಂಟೆಯ ನಂತರ’. ಆ ಎರಡು ಕಲಮುಗಳನ್ನು ಖಾಲಿ ಬಿಡದೆ ತುಂಬಿ. ನಮ್ಮದೇ ಜನರ ಮೇಲೆ ಯಾವ ಔಷಧಿ ಎಷ್ಟು ತೊಂದರೆ ಮಾಡುತ್ತದೆ ಎಂದು ಹೋಲಿಸಿ ನೋಡಲು ಬೇಕಾದ ಲೆಕ್ಕ ನಿಮ್ಮ ಕೈಬರಹದಲ್ಲೇ ಸಿಗುತ್ತದೆ.

ನಿಮ್ಮ ಕೆಲಸದ ಮೇಲಿನ ಗೌರವದೊಂದಿಗೆ,
ಔಷಧಶಾಸ್ತ್ರದ ಒಬ್ಬ ಅಧ್ಯಾಪಕ